ನಮ್ಮೂರಿಗೆ ಹೊಸ ಬಸ್ ಯಾಕೆ ಬರಲ್ಲ?

ಓದುಗರ ಪ್ರಶ್ನೆ: ಬೆಂಗಳೂರಿಗೆ ಹೋಗುವವರಿಗೆ ಫಳಫಳ ಹೊಳೆಯೋ ಬಸ್. ನಮ್ಮ ಆಳಂದ ತಾಲ್ಲೂಕಿನ ಹಳ್ಳಿಗೆ ಮಾತ್ರ ಗಡಗಡ ಅನ್ನೋ ಹಳೆ ಗಾಡಿ. ಯಾವ ರೂಟಿಗೆ ಹೊಸ ಬಸ್ ಅಂತ ಯಾರು ತೀರ್ಮಾನ ಮಾಡುತ್ತಾರೆ?

ಮತ್ತೆ ಅದೇ ಪ್ರಶ್ನೆ. ಹಿಂದೆ ಔರಾದ್‌ನಿಂದ ಬಂದಿತ್ತು, ಅದಕ್ಕೂ ಮುಂಚೆ ಗುರುಮಠಕಲ್‌ನಿಂದ. ಊರು ಬದಲಾಗುತ್ತದೆ, ಪ್ರಶ್ನೆ ಬದಲಾಗಲ್ಲ. ಇರಲಿ, ಇನ್ನೊಂದ್ಸಲ ಹೇಳುತ್ತೇನೆ.

ಮೊದಲನೇ ಮಾತು: ಬಸ್ಸನ್ನು ರೂಟಿಗೆ ಕೊಡಲ್ಲ. ಸಾರಿಗೆ ನಿಗಮ ತನ್ನ ವಿಭಾಗಕ್ಕೆ ಕೊಡುತ್ತದೆ, ವಿಭಾಗ ಡಿಪೋಗೆ, ಡಿಪೋ ಷೆಡ್ಯೂಲಿಗೆ. ಷೆಡ್ಯೂಲ್ ಅಂದರೆ ಒಂದು ಗಾಡಿಯ ಇಡೀ ದಿನದ ಕೆಲಸ. ರಾತ್ರಿ ಹಳ್ಳಿಯಲ್ಲಿ ವಸ್ತಿ, ಬೆಳಿಗ್ಗೆ ಆಳಂದ, ಅಲ್ಲಿಂದ ಕಲಬುರಗಿ, ಮಧ್ಯಾಹ್ನ ಅಫಜಲಪುರ, ಸಂಜೆ ವಾಪಸ್. ನೀವು "ನಮ್ಮೂರ ಬಸ್" ಅಂತ ಕರೆಯೋದು ಅಫಜಲಪುರದವರ ಬಸ್ಸೂ ಹೌದು.

ಎರಡನೇದು, ಹೊಸದಾಗಿ ಬರುವ ಗಾಡಿಗಳಲ್ಲಿ ಎಷ್ಟೋ ಹಳೇದರ ಜಾಗಕ್ಕೆ ಬರುವಂಥವು. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ಆಗಲ್ಲ. ಸಾರಿಗೆ ನಿಗಮದ ಬಸ್ಸಿಗೂ ಅದೇ ನಿಯಮ. ಹತ್ತು ಬಂದರೂ ಹತ್ತು ಗುಜರಿಗೆ ಹೋದರೆ ಡಿಪೋದಲ್ಲಿ ಲೆಕ್ಕ ಅಷ್ಟಕ್ಕಷ್ಟೇ.

ಈಗ ನನಗೆ ತಲೆನೋವು ತಂದಿರುವ ಮಾತಿಗೆ ಬರೋಣ. "ನಮ್ಮ ಬಸ್ಸಿನಲ್ಲಿ ಫ್ರೀ ಹೆಂಗಸರೇ ಜಾಸ್ತಿ. ಕಲೆಕ್ಷನ್ ಇಲ್ಲ. ಅದಕ್ಕೇ ಡಬ್ಬಾ ಗಾಡಿ ಬಿಟ್ಟಿದ್ದಾರೆ." ಕಟ್ಟೆ ಮೇಲೆ, ಚಹಾದಂಗಡಿಯಲ್ಲಿ, ಓದಿದವರ ಬಾಯಲ್ಲೂ ಇದೇ. ಇದು ತಪ್ಪು.

ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ಕ್ಕೆ. ಅವತ್ತಿಂದ ಕಂಡಕ್ಟರ್ ಹೆಂಗಸರಿಗೆ ಮಷಿನ್‌ನಿಂದ ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ. ಶೂನ್ಯ ಅನ್ನೋದು ಪ್ರಯಾಣಿಕಳಿಗೆ ಮಾತ್ರ. ಆ ಪ್ರಯಾಣಕ್ಕೆ ಎಷ್ಟು ದರವೋ ಅಷ್ಟೂ ಮಷಿನ್‌ನಲ್ಲಿ ದಾಖಲಾಗುತ್ತದೆ. ನಿಗಮ ಅದನ್ನು ಸರ್ಕಾರದಿಂದ ಕೇಳುತ್ತದೆ. ದುಡ್ಡು ಕೈಗೆ ಬರೋದು ತಡವಾಗಬಹುದು, ಆ ಜಗಳ ಬೇರೆ. ರೂಟಿನ ಆದಾಯ ನೋಡುವಾಗ ಆ ಮೊತ್ತವೂ ಆದಾಯವೇ.

ಲೆಕ್ಕ ಹಾಕಿ ನೋಡಿ. 40 ಕಿ.ಮೀ. ಟ್ರಿಪ್, 50 ಜನ, ಟಿಕೆಟ್ 50 ರೂಪಾಯಿ, ಅದರಲ್ಲಿ 30 ಹೆಂಗಸರು ಅಂತ ಇಟ್ಟುಕೊಳ್ಳಿ. ಚೀಲಕ್ಕೆ ಬಿದ್ದ ನಗದು 1,000. ಶೂನ್ಯ ಟಿಕೆಟಿನ ಮೌಲ್ಯ 1,500. ಒಟ್ಟು 2,500. ಕಿಲೋಮೀಟರಿಗೆ ಅರವತ್ತೆರಡೂವರೆ ರೂಪಾಯಿ. ನೀವು ಕಟ್ಟೆ ಮೇಲೆ ಕೂತು ನಗದು ಮಾತ್ರ ಎಣಿಸಿದರೆ ಬರೀ 25. ಈ 25ನ್ನೇ ಹಿಡಿದುಕೊಂಡು ಊರೆಲ್ಲ ಮಾತಾಡುತ್ತಿದೆ, ಅಲ್ವಾ?

ನಿಜವಾದ ನಷ್ಟ ಬೇರೆ ಕಡೆ ಇದೆ. "ಪುಕ್ಕಟೆ ಆದಮೇಲೆ ಟಿಕೆಟ್ ಯಾಕ್ರಿ, ಇಲ್ಲೇ ಮುಂದಿನ ಸ್ಟಾಪಿಗೆ ಇಳಿತೀನಿ" ಅನ್ನುವ ಅವ್ವ ಇದ್ದಾರಲ್ಲ, ಅಲ್ಲಿ. ರಶ್ಶಿನಲ್ಲಿ ಕಂಡಕ್ಟರೂ ಹೋಗಲಿ ಬಿಡು ಅಂತ ಸುಮ್ನಾಗುತ್ತಾರೆ. ಬಸ್ ತುಂಬಿ ತುಳುಕಿದರೂ ಮಷಿನ್ ಪ್ರಕಾರ ಅರ್ಧ ಖಾಲಿ. ಆಮೇಲೆ ಹೆಚ್ಚುವರಿ ಟ್ರಿಪ್ ಕೇಳಿದರೆ ಡಿಪೋದವರು ಯಾವ ಕಾಗದ ನೋಡಿ ಕೊಡಬೇಕು? ಅವ್ವಾರೇ, ಟಿಕೆಟ್ ತಗೊಳ್ಳಿ. ಒಂದೇ ಸ್ಟಾಪಿಗಾದರೂ ತಗೊಳ್ಳಿ.

ಹಂಗಾದರೆ ಹಳ್ಳಿಗೆ ಹಳೆ ಗಾಡಿ ಯಾಕೆ? ಮುಖ್ಯ ಕಾರಣ ಬ್ರೇಕ್‌ಡೌನ್. ಬೆಂಗಳೂರು ಸುಮಾರು 600 ಕಿ.ಮೀ. ದೂರ. ನಡುರಾತ್ರಿ ಎಲ್ಲೋ ಕೆಟ್ಟು ನಿಂತರೆ ಸ್ವಂತ ಡಿಪೋದ ಮೆಕ್ಯಾನಿಕ್ ಓಡಿ ಬರಲಾರ. ಆಳಂದದ ಆಚೆ ಕೆಟ್ಟರೆ ಬರುತ್ತಾನೆ, ಬದಲಿ ಗಾಡಿಯೂ ಬರುತ್ತದೆ. ಅದಕ್ಕೇ ಹೊಸದು ಮೊದಲು ದೂರದ ಓಟಕ್ಕೆ. ಅಲ್ಲಿ ಸವೆದ ಮೇಲೆ ತಾಲ್ಲೂಕಿಗೆ, ಆಮೇಲೆ ಹಳ್ಳಿಗೆ. ಅಣ್ಣನ ಅಂಗಿ ತಮ್ಮನಿಗೆ ಇಳಿದ ಹಾಗೆ. ತಮ್ಮನಿಗೆ ಬೇಜಾರಾಗೋದು ಸಹಜ, ನಾನು ಅಲ್ಲ ಅನ್ನಲ್ಲ. ಇನ್ನು ನೀವು ನೋಡಿ ಹೊಟ್ಟೆ ಉರಿದುಕೊಳ್ಳುವ ಅಮೋಘವರ್ಷ, ಕಲ್ಯಾಣ ರಥ ಇವೆಯಲ್ಲ, ಅವು ಸ್ಲೀಪರ್ ಗಾಡಿಗಳು. ಶಾಲೆ ಮಕ್ಕಳನ್ನು ಮಲಗಿಸಿಕೊಂಡು ಹಳ್ಳಿ ಸುತ್ತೋಕಾಗಲ್ಲ.

ಶಾಸಕರ ಒತ್ತಡ? ಇರುತ್ತದೆ. ಹಾರ ಹಾಕಿ, ತೆಂಗಿನಕಾಯಿ ಒಡೆದು, ಹಸಿರು ಬಾವುಟ ತೋರಿಸಿದ ಬಸ್ ಸ್ವಲ್ಪ ದಿನಕ್ಕೆ ಬೇರೆ ಷೆಡ್ಯೂಲಿಗೆ ಹೋದದ್ದನ್ನೂ ನೋಡಿದ್ದೇವೆ. "ಬೆಂಗಳೂರಿನವರು ನಮ್ಮ ಪಾಲಿನದು ತಗೊಂಡರು" ಅನ್ನುವವರಿಗೆ ಒಂದೇ ಮಾತು: ನಮ್ಮ ನಿಗಮ 2000ದಿಂದಲೇ ಬೇರೆ, 2021ರಲ್ಲಿ ಹೆಸರು ಕಲ್ಯಾಣ ಕರ್ನಾಟಕ ಆಯಿತು, ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಗಾಡಿ ಹೊಸದೋ ಹಳೇದೋ ಗುರುತಿಸೋದು ಹೇಗೆ? ಬಣ್ಣ ನಂಬಬೇಡಿ, ಹಳೇದಕ್ಕೂ ಹೊಸ ಬಣ್ಣ ಹೊಡೆಯುತ್ತಾರೆ. ನಂಬರ್ ಪ್ಲೇಟ್ ನೋಡಿ. ಕೆಎ 32 ಕಲಬುರಗಿ, 33 ಯಾದಗಿರಿ, 38 ಬೀದರ್. ನಡುವಿನ ಎಫ್ ಅಕ್ಷರ ಸಾರಿಗೆ ನಿಗಮದ್ದು. ಒಂದೇ ಸರಣಿಯಲ್ಲಿ ನಂಬರ್ ದೊಡ್ಡದಾದಷ್ಟೂ ಗಾಡಿ ಹೊಸದು. ಡೀಸೆಲ್ ಟ್ಯಾಂಕಿನ ಹತ್ತಿರ ನೀಲಿ ಮುಚ್ಚಳದ ಸಣ್ಣ ಟ್ಯಾಂಕ್ ಕಂಡರೆ ಅದು ಆಡ್‌ಬ್ಲೂ ಅನ್ನುವ ಯೂರಿಯಾ ದ್ರಾವಣದ್ದು, ಹೊಗೆಯ ವಿಷ ಕಮ್ಮಿ ಮಾಡೋಕೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆಗೆ ಮಿತಿ ಹಾಕುವ ನಿಯಮ) ಡೀಸೆಲ್ ಬಸ್ಸುಗಳಿಗೆ ಇದು ಬೇಕು. ಅದಕ್ಕಿಂತ ಹಿಂದಿನ ಕೆಲವು ಗಾಡಿಗಳಲ್ಲೂ ಇತ್ತು, ಹಾಗಾಗಿ ಪ್ಲೇಟ್ ಜೊತೆ ಸೇರಿಸಿ ನೋಡಿ.

ಡಿಪೋ ಮ್ಯಾನೇಜರಿಗೆ ಮನವಿ ಕೊಡುವಾಗಲೂ ಆ ನಂಬರ್ ಬರೆಯಿರಿ. ಎಷ್ಟು ಗಂಟೆಯ ಟ್ರಿಪ್, ಯಾವ ಯಾವ ದಿನ ಕೆಟ್ಟು ನಿಂತಿತು, ಶಾಲೆ ಮಕ್ಕಳು ಎಷ್ಟು ಜನ ಉಳಿದರು, ಅದನ್ನೂ ಸೇರಿಸಿ. "ದಯವಿಟ್ಟು ಹೊಸ ಬಸ್ ಕೊಡಿ" ಅಂತಷ್ಟೇ ಬರೆದ ಅರ್ಜಿಗಳು ಅವರ ಟೇಬಲ್ ಮೇಲೆ ಆಗಲೇ ಬೇಕಾದಷ್ಟಿವೆ.