ಬೇರಿಂಗ್ ಸಿಕ್ತಿಲ್ಲ ಅಂತ ಆಕ್ಸಲ್ ಕೆಡಿಸ್ಬೇಡಿ

ಹಳೇ ಲಾರಿ ಹಬ್ (ಚಕ್ರದ ನಡುಭಾಗ) ಬಿಚ್ಕೊಂಡು ಬಂದವರು ಬಾಗಿಲಲ್ಲೇ ಹೇಳೋ ಮಾತು ಒಂದೇ, "ಇದರ ಬೇರಿಂಗ್ ಎಲ್ಲೂ ಸಿಗ್ತಿಲ್ಲ ಕಣಣ್ಣ, ಕಂಪನಿನೇ ಇಲ್ವಂತೆ". ಹಿಂದೂಸ್ತಾನ್ ಮೋಟರ್ಸ್‌ನ ಬೆಡ್‌ಫರ್ಡ್, ಪ್ರೀಮಿಯರ್‌ನವರ ಫಾರ್ಗೋ, ಡಾಡ್ಜ್ ಇವೆಲ್ಲ ನಿಂತು ಎಷ್ಟೋ ಕಾಲ ಆಯ್ತು, ಅದು ನಿಜ. ಆದ್ರೆ ಲಾರಿ ಕಂಪನಿಯವರು ಸಾಮಾನ್ಯವಾಗಿ ಬೇರಿಂಗ್ ತಾವೇ ಮಾಡಲ್ಲ, ಬೇರಿಂಗ್ ಮಾಡೋರ ಹತ್ರ ತಗೊಂಡು ಡಬ್ಬಿ ಮೇಲೆ ತಮ್ಮ ಪಾರ್ಟ್ ನಂಬರ್ ಹಾಕ್ತಾರೆ. ಸತ್ತೋಗಿರೋದು ಆ ಪಾರ್ಟ್ ನಂಬರ್ ಅಷ್ಟೇ. ಬೇರಿಂಗಿಗೆ ಅದರದ್ದೇ ನಂಬರ್ ಇರುತ್ತೆ, ಅಳತೆ ಇರುತ್ತೆ, ಅದನ್ನ ಹಿಡ್ಕೊಂಡು ಹೊರಟ್ರೆ ಎಷ್ಟೋ ಸಲ ಬೇರಿಂಗ್ ಸಿಕ್ಕೇ ಸಿಗುತ್ತೆ.

ಸಕಲೇಶಪುರದ ಕಡೆ ಒಂದು ಕಾಫಿ ಎಸ್ಟೇಟಿಂದ ಮುಂದಿನ ಹಬ್ ಬಂದಿತ್ತು, ಲಾರಿ ತೋಟದೊಳಗೇ ಗೊಬ್ಬರ, ಸೌದೆ ಹೊರೋಕೆ ಇಟ್ಕೊಂಡಿದ್ದು. ಒಳಗಿನ ಬೇರಿಂಗಲ್ಲಿ ರೋಲರ್ ಹಿಡಿದಿಡೋ ಕೇಜ್ ಪುಡಿಪುಡಿ, ಕೋನ್ (ಆಕ್ಸಲ್ ಮೇಲೆ ಕೂರೋ ಒಳಬಳೆ) ಮೇಲಿನ ನಂಬರ್ ಸವೆದು ಹೋಗಿತ್ತು, ಕಪ್ (ಹಬ್ಬೊಳಗೆ ಕೂರೋ ಹೊರಬಳೆ) ಮೇಲೆ ಮಾತ್ರ 3720 ಅಂತ ಓದೋಕೆ ಬಂತು. ಅಂಗಡಿಯಲ್ಲಿ ಆ ಕಪ್ ಜೊತೆ 3780 ಕೋನ್ ಕೊಟ್ಟಿದಾರೆ, ಅದರ ಒಳ ಅಳತೆ 50.8 ಮಿ.ಮೀ, ಇವರ ಸ್ಟಬ್ ಆಕ್ಸಲ್ (ಮುಂದಿನ ಚಕ್ರ ಕೂರೋ ಗಿಡ್ಡ ಆಕ್ಸಲ್) ನೋಡಿದ್ರೆ 44.45. ಯಾರೋ ಮೂರು ಮಿಲಿಮೀಟರ್ ಚಿಲ್ಲರೆ ದಪ್ಪದ ಬುಷ್ (ಸಂದು ತುಂಬೋ ಕೊಳವೆ) ಹೊಡ್ಸಿ ಅಂದಿದಾರೆ, ಅದಕ್ಕೇ ನನ್ನ ಲೇತ್ ಹತ್ರ ಬಂದಿದ್ದು. ಕ್ಯಾಟಲಾಗ್ ತೆಗೆದು ನೋಡಿದ್ರೆ ಅದೇ 3720 ಕಪ್ಪಿಗೆ 3782 ಅಂತ ಇನ್ನೊಂದು ಕೋನ್ ಇದೆ, ಒಳ ಅಳತೆ ಸರಿಯಾಗಿ 44.45. ಲೇತ್ ಆನ್ ಮಾಡೋ ಕೆಲಸನೇ ಬರ್ಲಿಲ್ಲ. ಇಂಚಿನ ಟೇಪರ್ (ಓರೆ ರೋಲರಿನ) ಬೇರಿಂಗಲ್ಲಿ ಕಪ್ಪಿಗೊಂದು ನಂಬರ್, ಕೋನಿಗೊಂದು ನಂಬರ್ ಯಾಕಿದೆ ಅಂದ್ರೆ ಇದಕ್ಕೇ, ಒಂದೇ ಸೀರೀಸಲ್ಲಿ ಒಂದು ಕಪ್ಪಿಗೆ ಬೇರೆ ಬೇರೆ ಬೋರಿನ (ಒಳ ಅಳತೆಯ) ಕೋನ್‌ಗಳು ಕೂರ್ತವೆ. ಸಣ್ಣ ಟ್ರೈಲರ್ ಹಬ್ಬಲ್ಲೂ ಹಂಗೇ, ಎಲ್ 44610 ಕಪ್ಪಿಗೆ ಒಂದಿಂಚಿನ ಎಲ್ 44643 ಕೋನೂ ಕೂರುತ್ತೆ, 26.988 ಮಿ.ಮೀ ಬೋರಿನ ಎಲ್ 44649 ಕೂಡ.

ಆದ್ರೆ ಹೊರ ಅಳತೆ ಒಂದೇ ಇದೆ ಅಂತ ಬೇರೆ ಸೀರೀಸಿನ ಕಪ್ ಹಾಕ್ಬೇಡಿ ದಯವಿಟ್ಟು. ಕೋನಿನ ಓರೆ, ಕಪ್ಪಿನ ಓರೆ, ರೋಲರ್ ಓರೆ ಮೂರೂ ಆಕ್ಸಲ್‌ನ ಮಧ್ಯದ ಗೆರೆ ಮೇಲೆ ಒಂದೇ ಬಿಂದುವಿಗೆ ಹೋಗಿ ಸೇರ್ಬೇಕು, ಆಗ್ಲೇ ರೋಲರ್ ಉದ್ದಕ್ಕೂ ಉರುಳೋದು. ಓರೆ ಸ್ವಲ್ಪ ತಪ್ಪಿದ್ರೂ ರೋಲರಿನ ಒಂದು ತುದಿ ಮೇಲೆ ಭಾರ ಬಿದ್ದು ಬೇಗ ಬಿಸಿಯಾಗಿ ನೀಲಿ ತಿರುಗುತ್ತೆ.

ಇನ್ನೊಂದು ಗುಂಡಿ ಅಂದ್ರೆ ಇಂಚು-ಮಿಲಿಮೀಟರ್. ನಮ್ಮಲ್ಲಿ ಮೆಟ್ರಿಕ್ ಕಾನೂನು ಬಂದಿದ್ದು 1956ರಲ್ಲಿ, ಆದ್ರೆ ಇಂಗ್ಲೆಂಡ್, ಅಮೆರಿಕದ ಡ್ರಾಯಿಂಗಿಂದ ಬಂದ ಲಾರಿಗಳ ಆಕ್ಸಲ್ ಇಂಚಲ್ಲೇ ಉಳೀತು. 44.45 ಆಕ್ಸಲ್ ಮೇಲೆ 45 ಬೋರಿನ ಬೇರಿಂಗ್ ಕೂತಂಗೇ ಕಾಣುತ್ತೆ, ಅರ್ಧ ಮಿಲಿಮೀಟರಿಗಿಂತ ಜಾಸ್ತಿ ಸಡಿಲ ಅದು, ತಗಡು ಸುತ್ತಿ ಹಾಕಿ ಕಳಿಸೋರನ್ನ ನೋಡಿದೀನಿ. ಎರಡಿಂಚಿನ ಆಕ್ಸಲ್‌ಗೆ 50ರ ಬೇರಿಂಗ್ ತಂದು ಆಕ್ಸಲನ್ನೇ ಕಡೆದು ಸಣ್ಣ ಮಾಡೋದು ಇನ್ನೂ ಕೆಟ್ಟದ್ದು. ಬೇರಿಂಗ್ ನಾಳೆ ಬದಲಾಯಿಸ್ಬಹುದು, ಆ ಆಕ್ಸಲ್ ಮತ್ತೆ ಎಲ್ಲಿಂದ ತರ್ತೀರ?

ಕೋನೇ ಇಲ್ಲ, ಬುಷ್ ಹಾಕ್ಲೇಬೇಕು ಅನ್ನೋ ಕೇಸೂ ಬರುತ್ತೆ. ಆಗ ನಾನು ಮೊದ್ಲು ನೋಡೋದು ಸ್ಟಬ್ ಆಕ್ಸಲ್‌ನ ಹೆಗಲು, ಅಲ್ಲಿ ಮೂಲೆ ಚೂಪಾಗಿರಲ್ಲ, ಬಿರುಕು ಬಿಡದಿರ್ಲಿ ಅಂತ ಗುಂಡಗೆ ಬಿಟ್ಟಿರ್ತಾರೆ. ಹೊಸ ಬೇರಿಂಗಿನ ಬಾಯಂಚು ಅದಕ್ಕಿಂತ ಚಿಕ್ಕದಿದ್ರೆ ಕೋನ್ ಹೆಗಲಿಗೆ ತಾಗೋದೇ ಇಲ್ಲ, ಆ ಗುಂಡು ಮೂಲೆ ಮೇಲೆ ಹತ್ತಿ ನಿಲ್ಲುತ್ತೆ, ನಟ್ ಬಿಗಿಯಾದಂಗೆ ಅನ್ಸಿ ಆಮೇಲೆ ತಾನೇ ಸಡಿಲ ಆಗುತ್ತೆ. ಅದಕ್ಕೆ ಮೂಲೆ ಕಡೆಯೋಕೆ ಹೋಗ್ಬಾರ್ದು, ಹೆಗಲ ಹತ್ರ ಒಳಬಾಯಿ ಓರೆ ಕಡೆದ ಒಂದು ರಿಂಗ್ ಕೊಡ್ಬೇಕು, ಮತ್ತೆ ಆ ರಿಂಗಿನಷ್ಟು ಬೇರಿಂಗ್ ಜಾಗ ಸರಿದ್ರೆ ಆಯಿಲ್ ಸೀಲ್ ಎಲ್ಲಿ ಬಂದು ಕೂರುತ್ತೆ ಅಂತಾನೂ ಅಲ್ಲೇ ನೋಡ್ಕೊಳ್ಬೇಕು.

ಅಗಲದ ಬೇರಿಂಗ್ ಸಿಗದೆ ಕಿರಿದು ಸಿಕ್ಕಿದ್ರೂ ರಿಂಗ್ ಕೊಡ್ಬಹುದು. 32310, 30310 ನಂಬರಿನ ಬೇರಿಂಗ್ ಎರಡಕ್ಕೂ ಒಳ ಅಳತೆ 50, ಹೊರ ಅಳತೆ 110, ಅಗಲ ಮಾತ್ರ 42.25 ಮತ್ತು 29.25, ಸರಿಯಾಗಿ 13 ಮಿಲಿಮೀಟರ್ ವ್ಯತ್ಯಾಸ. ಆದ್ರೆ ಕಿರಿದು ಹೊರೋ ಭಾರ ಕಮ್ಮಿ, ಮರಳು ತುಂಬೋ ಲಾರಿಗೆ ನಾನು ಹಾಕಿಕೊಡಲ್ಲ. ಹಿಂದಿನ ಫುಲ್ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಲಾರಿ ಭಾರ ಪೂರ್ತಿ ಹೌಸಿಂಗ್ ಮೇಲಿರೋ ಈ ಬೇರಿಂಗ್ ಮೇಲೇನೆ, ಒಳಗಿನ ಶಾಫ್ಟ್ ಬರೀ ತಿರುಗಿಸುತ್ತೆ.

ಹಬ್ ಕಡೆ ಬಂದ್ರೆ, ತಿರುಗೋದು ಹಬ್, ಹಾಗಾಗಿ ಕಪ್ ಅದರಲ್ಲಿ ಟೈಟಾಗಿ ಕೂರ್ಬೇಕು, ಕೋನ್ ಮಾತ್ರ ಆಕ್ಸಲ್ ಮೇಲೆ ಕೈಯಲ್ಲಿ ತಳ್ಳಿದ್ರೆ ಹೋಗೋ ಹಾಗಿರ್ಬೇಕು. ಸವೆದ ಹಬ್ಬಿಗೆ ಸೆಂಟರ್ ಪಂಚಲ್ಲಿ ಚುಕ್ಕಿ ಹೊಡೆದು ಕಪ್ ಕೂರ್ಸೋದು ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ, ಆ ಚುಕ್ಕಿಗಳು ಬೇಗ ಜಜ್ಜಿಹೋಗಿ ಕಪ್ ಹಬ್ಬಿನೊಳಗೇ ಸುತ್ತೋಕೆ ಶುರು ಮಾಡುತ್ತೆ. ಗೋಡೆ ದಪ್ಪ ಇದ್ರೆ ಒಳಗೆ ಕಡೆದು ದೊಡ್ಡದು ಮಾಡಿ ಸ್ಟೀಲ್ ಲೈನರ್ (ಒಳಗೆ ಕೂರೋ ಬಳೆ) ಹಾಕಿ. ಸುಮಾರು 0.05 ಮಿ.ಮೀ ಟೈಟ್ ಸಾಕಾಗುತ್ತೆ, ಸುತ್ತಿಗೆ ಬೇಡ, ಬಿಸಿ ಸಾಕು, 100 ಮಿ.ಮೀ ಸ್ಟೀಲ್ ರಿಂಗ್ 80 ಡಿಗ್ರಿ ಬಿಸಿ ಏರಿದ್ರೆ ಹತ್ತತ್ರ 0.1 ಮಿ.ಮೀ ಹಿಗ್ಗುತ್ತೆ, ಹಬ್ಬೂ ಹಂಗೇ ಸ್ವಲ್ಪ ಕಮ್ಮಿ. ಬೇರಿಂಗ್ ಮಾತ್ರ 120 ಡಿಗ್ರಿ ದಾಟಿಸ್ಬೇಡಿ, ಗ್ಯಾಸ್ ಟಾರ್ಚ್ ಹತ್ರಕ್ಕೂ ತರ್ಬೇಡಿ.

ಕೂರಿಸಿದ ಮೇಲೆ ಹಬ್ ತಿರುಗಿಸ್ತಾನೇ ನಟ್ ಬಿಗಿ ಮಾಡಿ, ಆಮೇಲೆ ಸಡಿಲಿಸಿ, ಡಯಲ್ ಗೇಜ್ (ಅಲುಗಾಟ ಅಳೆಯೋ ಮೀಟರ್) ಇಟ್ಟು 0.025ರಿಂದ 0.125 ಮಿ.ಮೀ ಆಟ ಬಿಡಿ. ಇಪ್ಪತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ ಹಬ್ ಮುಟ್ಟಿ ನೋಡಿ, ಕೈ ಇಡೋಕಾಗ್ತಿಲ್ಲ ಅಂದ್ರೆ ಅಲ್ಲಿಂದ ಮುಂದೆ ಹೋಗ್ಬೇಡಿ, ಬ್ರೇಕ್ ಹಿಡ್ಕೊಂಡಿದ್ಯಾ ಬೇರಿಂಗ್ ಬಿಗಿಯಾಗಿದ್ಯಾ ನೋಡ್ಕೊಂಡೇ ಹೊರಡಿ.

ಆ ಎಸ್ಟೇಟ್ ಲಾರಿ ಹಬ್ ಕ್ಯಾಪಿನ ಒಳಗೆ ಬಿಳಿ ಪೇಂಟಲ್ಲಿ 3782, 3720 ಅಂತ ಬರೆದು ಕಳಿಸಿದೀನಿ. ಬುಷ್ ಹಾಕಿದ್ರೆ ಅದರ ಅಳತೆನೂ ಬರೀತೀನಿ. ಮುಂದಿನ ಸಲ ಬಿಚ್ಚೋ ಹುಡುಗ ಇನ್ನೊಂದು ಊರಿನವನಿರ್ಬಹುದು, ಅವನು ಮತ್ತೆ ವರ್ನಿಯರ್ ಹುಡುಕ್ಕೊಂಡು ಕೂರೋದು ಬೇಡ.