ಬರ್ಮುಡಾ ಎಂಬ ಹೆಸರಿನ ಕರಕಿ

ಪುಣೆಯ ನಮ್ಮ ಸೊಸೈಟಿಯ ಅಂಗಳಕ್ಕೆ ಬರ್ಮುಡಾ ಹುಲ್ಲಿನ ಹಾಸು ಬಂದಿಳಿದ ದಿನ, ಮಾಳಿಯು ಕಾಂಪೌಂಡ್ ಗೋಡೆಯ ಬುಡದಲ್ಲಿದ್ದ ಕರಕಿಯನ್ನು ಕಳೆಯೆಂದು ಕಿತ್ತು ಗುಡ್ಡೆ ಹಾಕುತ್ತಿದ್ದ. ನಾನು ಎರಡರಿಂದಲೂ ಒಂದೊಂದು ಕುಡಿ ತೆಗೆದು ನೋಡಿದೆ. ಎಲೆಯು ಕಾಂಡದಿಂದ ಕವಲೊಡೆಯುವ ಸಂದಿನಲ್ಲಿ ಸಾಲುಗಟ್ಟಿದ ಬಿಳಿಯ ಸಣ್ಣ ರೋಮಗಳು, ಗಿಣ್ಣು ಗಿಣ್ಣಿಗೂ ಇಳಿದ ಬೇರು, ಎಲ್ಲವೂ ಎರಡರಲ್ಲೂ ಒಂದೇ ಆಗಿದ್ದವು. ಧಾರವಾಡ ಕಡೆಯವರಾದ ಕಮಿಟಿಯ ಸೆಕ್ರೆಟರಿ ನಕ್ಕರು: "ಏನ್ರೀ ಸರ, ರೊಕ್ಕಾ ಕೊಟ್ಟು ಕರಕಿ ತಂದೀವಿ ಅಂತೀರೇನು?" ನಾನು ಅಂದದ್ದು ಅದನ್ನೇ. ವಿಜ್ಞಾನದಲ್ಲಿ ಸೈನೊಡಾನ್ ಡ್ಯಾಕ್ಟಿಲಾನ್, ಮರಾಠಿಯಲ್ಲಿ ಹರಳಿ, ಮೈಸೂರು ಕಡೆ ಗರಿಕೆ, ಗಣಪತಿಯ ಮುಂದೆ ದೂರ್ವೆ. ಬರ್ಮುಡಾ ದ್ವೀಪ ಅದರ ಹುಟ್ಟೂರೂ ಅಲ್ಲ. ಗಿಣ್ಣುಗಿಣ್ಣಿನಿಂದ ಚಿಗುರುವವಳು ಎಂದು ದೂರ್ವೆಯನ್ನು ಸ್ತುತಿಸುವ ಮಂತ್ರ, ಭಕ್ತಿಯಷ್ಟೇ ಅಲ್ಲದೆ ಒಳ್ಳೆಯ ಸಸ್ಯಶಾಸ್ತ್ರೀಯ ಅವಲೋಕನವೂ ಹೌದು.

ಆಟದ ಮೈದಾನಗಳಿಗೆ ಬೇಕಾದ ನಯವಾದ ತಳಿಗಳು ಇದೇ ಕರಕಿಯ ಮಕ್ಕಳು. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್‌ನಲ್ಲಿ ಗ್ಲೆನ್ ಬರ್ಟನ್ ಅವರ ತಳಿ ಸಂವರ್ಧನೆಯಿಂದ ಬಂದು 1960ರಲ್ಲಿ ಬಿಡುಗಡೆಯಾದ ಟಿಫ್‌ವೇ 419, ಕರಕಿಗೂ ಆಫ್ರಿಕದ ಅದರ ಸೋದರಸಂಬಂಧಿಗೂ ಹುಟ್ಟಿದ ಮಿಶ್ರತಳಿ. ಕರಕಿಯ ವರ್ಣತಂತುಗಳು 36, ಆ ಸಂಬಂಧಿಯವು 18, ಎರಡರಿಂದಲೂ ಅರ್ಧರ್ಧ ಪಡೆದ ಮಗುವಿನವು 27. ಬೆಸಸಂಖ್ಯೆಯ ಜೋಡಣೆ ಸರಿಹೋಗದ ಕಾರಣ ಅದು ಬೀಜ ಕಟ್ಟುವುದಿಲ್ಲ. ನಾವು ತಿನ್ನುವ ಹೆಚ್ಚಿನ ಬಾಳೆಹಣ್ಣುಗಳ ಕಥೆಯೂ ಇದೇ. ಆದ್ದರಿಂದ ಕಬ್ಬಿನ ತುಂಡು ನೆಟ್ಟಂತೆ ಇದನ್ನೂ ಕುಡಿ ನೆಟ್ಟೇ ಬೆಳೆಸಬೇಕು.

ವಿಂಬಲ್ಡನ್‌ನ ಅಂಕಣಗಳಲ್ಲಿ 2001ರಿಂದ ಇರುವುದು ಬರೀ ರೈ ಹುಲ್ಲು. ಅದನ್ನು ಪುಣೆಯ ಏಪ್ರಿಲ್ ಬಿಸಿಲಿಗೆ ಹಚ್ಚಿದರೆ ನೀರು ಎಷ್ಟೇ ಹಾಕಿದರೂ ಸೊರಗುತ್ತದೆ. ಕಾರಣ ರುಬಿಸ್ಕೊ ಎಂಬ ಕಿಣ್ವ. ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚಬೇಕಾದ ಇದು ಆಗಾಗ ಎಡವಿ ಆಮ್ಲಜನಕವನ್ನು ಹಿಡಿಯುತ್ತದೆ, ಸೆಖೆ ಏರಿದಂತೆ ಎಡವುವುದೂ ಹೆಚ್ಚುತ್ತದೆ. ಮದುವೆಯ ಊಟದ ಪಂಕ್ತಿಯಲ್ಲಿ ಬೀಗರು ಯಾರು, ದಾರಿಹೋಕರು ಯಾರು ಎಂದು ತಿಳಿಯದ ಬಡಿಸುವವನಂತೆ ಅದರ ಪಾಡು. ಕರಕಿ, ಜೋಳ, ಕಬ್ಬುಗಳು ಇದಕ್ಕೆ ಬಾಗಿಲಲ್ಲೇ ಉಪಾಯ ಹೂಡಿವೆ. ಎಲೆಯ ಹೊರಕೋಶಗಳಲ್ಲಿ ನಿಂತ ಇನ್ನೊಂದು ಕಿಣ್ವ ಆಮ್ಲಜನಕದತ್ತ ಕಣ್ಣೆತ್ತಿಯೂ ನೋಡದೆ ಇಂಗಾಲವನ್ನು ನಾಲ್ಕು ಇಂಗಾಲಗಳ ಆಮ್ಲವಾಗಿ ಕಟ್ಟಿ, ನಾಳಗಳ ಸುತ್ತಲಿನ ಒಳಕೋಶಗಳಿಗೆ ದಾಟಿಸುತ್ತದೆ. ಅಲ್ಲಿ ಗಂಟು ಬಿಚ್ಚಿದಾಗ ರುಬಿಸ್ಕೊ ಸುತ್ತ ಬೀಗರೇ ಕಿಕ್ಕಿರಿದಿರುತ್ತಾರೆ. ಮುಂಬೈಯ ದಾದರ್ ಸ್ಟೇಷನ್ನಿನಲ್ಲಿ ಸಂಜೆ ಆರಕ್ಕೆ ಲೋಕಲ್ ಹತ್ತಿದವರಿಗೆ ಆ ಸಾಂದ್ರತೆಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1960ರ ದಶಕದಲ್ಲಿ ಆಸ್ಟ್ರೇಲಿಯದಲ್ಲಿ ಹ್ಯಾಚ್ ಮತ್ತು ಸ್ಲ್ಯಾಕ್ ಎಂಬ ವಿಜ್ಞಾನಿಗಳು ಈ ಮಾರ್ಗವನ್ನು ಬಿಡಿಸಿ ತೋರಿಸಿದರು.

ಆದರೆ ಈ ಸಾಗಣೆ ಪುಕ್ಕಟೆಯಲ್ಲ. ಪ್ರತಿ ಇಂಗಾಲದ ಡೈಆಕ್ಸೈಡಿಗೆ ಹೆಚ್ಚುವರಿಯಾಗಿ ಎರಡು ಎಟಿಪಿ, ಅಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಅಣುಗಳು, ಖರ್ಚಾಗುತ್ತವೆ, ಅವನ್ನು ತುಂಬಿಕೊಡುವುದು ಬಿಸಿಲು. ನಮ್ಮ ಕಟ್ಟಡದ ಉತ್ತರಕ್ಕೆ ದಿನಕ್ಕೆರಡು ಗಂಟೆಯೂ ಬಿಸಿಲು ಬೀಳದ ಭಾಗದಲ್ಲಿ ಹಾಸು ಮೂರೇ ತಿಂಗಳಿಗೆ ತೆಳುವಾಯಿತು. ಯಾರದೋ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ಕಟ್ಟಿದವರೂ ಇದ್ದರು. ಅದಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು ಕಮಿಟಿಯ ಯೂರಿಯಾ. ನೆರಳಿನಲ್ಲಿ ಗೊಬ್ಬರ ಸುರಿದರೆ ಹುಲ್ಲು ಕಾಂಡದಲ್ಲಿ ಕೂಡಿಟ್ಟ ಪಿಷ್ಟವನ್ನು ಕರಗಿಸಿ ಮೆತ್ತನೆಯ ಎಲೆ ಬಿಡುತ್ತದೆ, ಮಾಳಿ ಅದನ್ನು ಕತ್ತರಿಸುತ್ತಾನೆ, ಹೀಗೆ ಉಳಿತಾಯವೆಲ್ಲ ಬುಟ್ಟಿಗೆ ಹೋಗುತ್ತದೆ. ಹುಲ್ಲಿನ ಬೆಳೆಯುವ ಭಾಗ ಬುಡದಲ್ಲಿರುವುದರಿಂದ ಕತ್ತರಿಸಿದರೂ ಚಿಗುರುವುದು ನಿಜ, ಆದರೆ ಒಮ್ಮೆಗೆ ಎಲೆಯ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕಳೆಯಬಾರದು.

ನೆರಳಿಗೆ ಅಗಲ ಎಲೆಯ ಬಫೆಲೊ ಹುಲ್ಲು ಮೇಲು. ಅದೂ ಕರಕಿಯ ಮಾರ್ಗದ್ದೇ, ಆದರೆ ಅದಕ್ಕಿಂತ ಕಡಿಮೆ ಬೆಳಕಿನಲ್ಲಿ ಬದುಕುತ್ತದೆ. ಕೊರಿಯನ್ ಹುಲ್ಲು ದಿಂಬಿನಂತೆ ಉಬ್ಬಿ ಚೆಂದ ಕಾಣುತ್ತದೆ, ಹಬ್ಬುವುದು ನಿಧಾನ, ಹುಡುಗರ ಕ್ರಿಕೆಟ್ಟಿಗೆ ಆಗುವುದಿಲ್ಲ. ಗೋವೆಯ ಕಡಲಂಚಿನಂಥ ಉಪ್ಪು ನೀರಿನ ಜಾಗಕ್ಕೆ ಪಾಸ್ಪಾಲಮ್.

ಉತ್ತರದ ಬದಿಗೆ ಈಗ ಬಫೆಲೊ ಹಾಕಿದ್ದಾರೆ. ದಕ್ಷಿಣದ ಬರ್ಮುಡಾ ಮಾತ್ರ ಕಾಂಪೌಂಡ್ ಗೋಡೆಯ ಕರಕಿಯೊಡನೆ ಬೆರೆತು, ಎಲ್ಲಿಂದ ಎಲ್ಲಿಯವರೆಗೆ ಯಾವುದೆಂದು ಮಾಳಿಗೂ ತಿಳಿಯದಂತಾಗಿದೆ. ಈ ಚೌತಿಗೆ ಸೆಕ್ರೆಟರಿಯವರ ಮನೆಯ 21 ಕುಡಿಗಳು ಅಲ್ಲಿಂದಲೇ ಹೋದವು.