‘ಅಂಟು’ ಎಂಬ ಹೆಸರು ಹೊತ್ತ ಕೋಶಗಳು

ಮಿದುಳಿನ ನರಕೋಶಗಳ ನಡುವೆ ಹರಡಿಕೊಂಡಿದ್ದ ಪದಾರ್ಥಕ್ಕೆ ಜರ್ಮನಿಯ ರೋಗಶಾಸ್ತ್ರಜ್ಞ ರುಡಾಲ್ಫ್ ವಿರ್ಕೋ 1856ರಲ್ಲಿ ‘ನ್ಯೂರೋಗ್ಲಿಯಾ’, ಅಂದರೆ ನರಗಳ ಅಂಟು, ಎಂದು ಹೆಸರಿಟ್ಟರು. ಇಟ್ಟಿಗೆಗಳ ನಡುವಿನ ಗಾರೆಯಂತೆ ನರಕೋಶಗಳನ್ನು ಹಿಡಿದಿಡುವುದೇ ಅದರ ಕೆಲಸವೆಂಬ ಭಾವನೆ ಆ ಹೆಸರಿನೊಂದಿಗೇ ಬೇರೂರಿತು. ಸಂಶೋಧಕರ ಗಮನವನ್ನು ಇಷ್ಟು ದೀರ್ಘಕಾಲ ಬೇರೆಡೆಗೆ ತಿರುಗಿಸಿದ ಹೆಸರು ನರವಿಜ್ಞಾನದಲ್ಲಿ ಇನ್ನೊಂದಿರಲಾರದು ಎಂದು ನನಗೆ ತೋರುತ್ತದೆ.

ಆದರೂ ತಪ್ಪನ್ನೆಲ್ಲ ಹೆಸರಿನ ಮೇಲೆ ಹೊರಿಸುವುದು ನ್ಯಾಯವಲ್ಲ. ಬಣ್ಣವಿಲ್ಲದ ಮಿದುಳಿನ ಅಂಗಾಂಶದಲ್ಲಿ, ಬಣ್ಣ ಹಿಡಿದ ಕೋಶ ಮಾತ್ರ ಸೂಕ್ಷ್ಮದರ್ಶಕದಡಿ ಕಾಣುತ್ತದೆ. ಇಟಲಿಯ ಕ್ಯಾಮಿಲ್ಲೊ ಗಾಲ್ಜಿ 1873ರಲ್ಲಿ ಪ್ರಕಟಿಸಿದ ಬೆಳ್ಳಿಯ ಬಣ್ಣದ ವಿಧಾನದಿಂದ ನಕ್ಷತ್ರಾಕಾರದ ಕೋಶಗಳು ರಕ್ತನಾಳಗಳಿಗೆ ಪಾದವೂರಿ ನಿಂತಿರುವುದು ಕಂಡಿತು. ಇವುಗಳಿಗೇ ಮುಂದೆ ಆಸ್ಟ್ರೋಸೈಟ್ ಎಂಬ ಹೆಸರು ಬಂದಿತು. ಸ್ಪೇನಿನ ಸಾಂತಿಯಾಗೊ ರಾಮೋನ್ ಈ ಕಹಾಲ್ 1913ರಲ್ಲಿ ಚಿನ್ನದ ಲವಣ ಬಳಸಿ ಇವನ್ನು ಇನ್ನೂ ಸ್ಪಷ್ಟವಾಗಿ ತೋರಿಸಿದರು. ಆದರೆ ಅವುಗಳ ಪಕ್ಕದಲ್ಲೇ ಕವಲುಗಳಿಲ್ಲದಂತೆ ಕಾಣುತ್ತಿದ್ದ ಪುಟ್ಟ ಕೋಶಗಳು ಉಳಿದುಕೊಂಡವು. ನರಕೋಶ ಮತ್ತು ಆಸ್ಟ್ರೋಸೈಟ್‌ಗಳ ನಂತರದ್ದೆಂದು ಕಹಾಲ್ ಅವನ್ನು ‘ಮೂರನೆಯ ಘಟಕ’ ಎಂದು ಕರೆದರು.

ಅವರ ಪ್ರಯೋಗಾಲಯದಲ್ಲಿದ್ದ ಪೀಯೊ ದೆಲ್ ರೀಯೊ ಒರ್ತೇಗಾ ಬೆಳ್ಳಿಯ ಕಾರ್ಬೊನೇಟ್ ದ್ರಾವಣದಿಂದ ಅದೇ ಕೋಶಗಳಿಗೆ ಬಣ್ಣ ಹಿಡಿಸಿದಾಗ, ಇಲ್ಲವೆಂದುಕೊಂಡಿದ್ದ ಕವಲುಗಳು ಮೂಡಿದವು. ಅಷ್ಟೇ ಅಲ್ಲ, ಮೂರನೆಯ ಘಟಕವೆಂಬುದು ಒಂದಲ್ಲ, ಎರಡು ಬಗೆಯ ಕೋಶಗಳೆಂಬುದು ತಿಳಿಯಿತು. ಗಾಯವಾದೆಡೆಗೆ ಧಾವಿಸಿ ಕಸವನ್ನು ನುಂಗುವ ಮೈಕ್ರೋಗ್ಲಿಯಾವನ್ನು ಒರ್ತೇಗಾ 1919ರಲ್ಲಿ ವಿವರಿಸಿದರು. ಆಲಿಗೊಡೆಂಡ್ರೋಸೈಟ್‌ಗಳ ವಿವರಣೆ 1921ರಲ್ಲಿ ಬಂದಿತು. ಈ ನಡುವೆ ಗುರುವಿನೊಂದಿಗೆ ಮನಸ್ತಾಪ ಬೆಳೆದು ಅವರು ಆ ಪ್ರಯೋಗಾಲಯವನ್ನು ತೊರೆಯಬೇಕಾಯಿತು.

ಆಲಿಗೊಡೆಂಡ್ರೋಸೈಟ್ ತನ್ನ ಕವಲುಗಳಿಂದ ಹಲವು ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಸುತ್ತುತ್ತದೆ. ಸಂಕೇತಗಳು ವೇಗವಾಗಿ ಸಾಗುವುದು ಈ ಹೊದಿಕೆಯಿಂದಲೇ. ಮಿದುಳು ಮತ್ತು ಬೆನ್ನುಹುರಿಯ ಹೊರಗೆ ಈ ಕೆಲಸ ಶ್ವಾನ್ ಕೋಶದ್ದು. ಒಂದು ಶ್ವಾನ್ ಕೋಶ ಒಂದೇ ತಂತುವಿನ ಒಂದು ತುಣುಕನ್ನು ಚಾಪೆಯಂತೆ ಸುರುಳಿಯಾಗಿ ಸುತ್ತಿಕೊಳ್ಳುತ್ತದೆ ಎಂಬುದನ್ನು ಅಮೆರಿಕದ ಸಂಶೋಧಕಿ ಬೆಟ್ಟಿ ಗೆರೆನ್ 1954ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳಿಂದ ತೋರಿಸಿದರು.

ನಮ್ಮ ಆರೋಗ್ಯ ಕಾರ್ಯಕರ್ತೆಯರು ಹುಡುಕುವ ‘ಸ್ಪರ್ಶಜ್ಞಾನವಿಲ್ಲದ ಮಚ್ಚೆ’ಗೂ ಈ ಶ್ವಾನ್ ಕೋಶಕ್ಕೂ ನೇರ ನಂಟಿದೆ. ಕುಷ್ಠರೋಗದ ಬ್ಯಾಕ್ಟೀರಿಯಾ ಬೀಡುಬಿಡುವುದು ಈ ಕೋಶಗಳೊಳಗೆ. ಕಣ್ಣು ಮುಚ್ಚಿಕೊಂಡವರ ಮಚ್ಚೆಯ ಮೇಲೆ ಹತ್ತಿಯ ಎಳೆ ಆಡಿಸಿದರೂ ಅರಿವಾಗದಿರುವುದು ಇದರಿಂದಲೇ. ಕೆಲವರಲ್ಲಿ ಮೊಣಕೈಯ ಹಿಂದಿನ ನರ ಹಗ್ಗದಂತೆ ದಪ್ಪವಾಗಿ ಬೆರಳಿಗೆ ಸಿಗುತ್ತದೆ, ಕಿರುಬೆರಳು ಮತ್ತು ಉಂಗುರಬೆರಳು ಮಡಚಿಕೊಳ್ಳುತ್ತವೆ.

ಆಸ್ಟ್ರೋಸೈಟ್‌ಗಳನ್ನು ಅರಿಯುವುದು ಇನ್ನೂ ತಡವಾಯಿತು. ಅವು ನರಕೋಶಗಳಂತೆ ವಿದ್ಯುತ್ ಸ್ಪಂದನಗಳನ್ನು ಹೊಮ್ಮಿಸದ ಕಾರಣ, ವಿದ್ಯುದಗ್ರದಿಂದ ಆಲಿಸುತ್ತಿದ್ದವರಿಗೆ ಅವು ಮೌನವಾಗಿಯೇ ಇದ್ದವು. ನರಕೋಶಗಳು ಹೊರಹಾಕುವ ಪೊಟ್ಯಾಸಿಯಂ ಮತ್ತು ನರಕೋಶಗಳ ನಡುವೆ ಸಂಕೇತ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಹೀರಿಕೊಂಡು ಸುತ್ತಲಿನ ದ್ರವವನ್ನು ಹದದಲ್ಲಿಡುವುದು ಅವೇ. ಗ್ಲುಟಮೇಟ್ ತಗುಲಿದಾಗ ಅವುಗಳಲ್ಲಿ ಕ್ಯಾಲ್ಸಿಯಂ ಅಲೆಗಳೇಳುವುದು 1990ರಲ್ಲಿ ವರದಿಯಾಯಿತು; ಅಂದರೆ ಅವು ನಿಜಕ್ಕೂ ಮೌನವಾಗಿರಲಿಲ್ಲ. ಈ ಬಗೆಬಗೆಯ ‘ಅಂಟು’ ಕೋಶಗಳೆಲ್ಲ ಸೇರಿ ನರಕೋಶಗಳ ಹತ್ತು ಪಟ್ಟು ಇವೆಯೆಂಬ ಹಳೆಯ ಮಾತೂ 2009ರ ಎಣಿಕೆಯಲ್ಲಿ ಬಿದ್ದುಹೋಯಿತು: ಸುಮಾರು 8,600 ಕೋಟಿ ನರಕೋಶಗಳಿಗೆ ಉಳಿದ ಕೋಶಗಳು ಹೆಚ್ಚುಕಡಿಮೆ ಅಷ್ಟೇ.

ಮೈಕ್ರೋಗ್ಲಿಯಾದ ಹುಟ್ಟೇ ಬೇರೆ, ಅವು ಹೊರಗಿನಿಂದ ಮಿದುಳಿಗೆ ವಲಸೆ ಬಂದವು ಎಂದು ಒರ್ತೇಗಾ ವಾದಿಸಿದ್ದರು. ಭ್ರೂಣಕ್ಕೆ ಹೊರಗಿನಿಂದ ಅಂಟಿಕೊಂಡಿರುವ ಹಳದಿ ಚೀಲದಲ್ಲಿ (ಯೋಕ್ ಸ್ಯಾಕ್) ಹುಟ್ಟುವ ಕೋಶಗಳಿಂದ ಅವು ಬರುತ್ತವೆಂದು ಇಲಿಗಳ ಮೇಲಿನ ಅಧ್ಯಯನ 2010ರಲ್ಲಿ ತೋರಿಸಿತು. ಅಂತರ್ಯುದ್ಧದಿಂದಾಗಿ ಸ್ಪೇನ್ ತೊರೆದಿದ್ದ ಒರ್ತೇಗಾ 1945ರಲ್ಲೇ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡಿದ್ದರು.